ಎಡೆಯ ಮೇಲಿನ ಬೊಂಬೆ ಪುಸ್ತಕ

ನನ್ನ ಹೆಂಡತಿ ತೀರಿಕೊಂಡ ಹನ್ನೊಂದನೇ ದಿನ, ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ಅವಳ ಫೋಟೋ ಮುಂದೆ ಎಡೆ ಇಟ್ಟೆವು. ಬಾಳೆ ಎಲೆಯ ಮೇಲೆ ಹೋಳಿಗೆ, ಅನ್ನ, ಕೋಸಂಬರಿ, ವಡೆ. ಪಕ್ಕದಲ್ಲಿ ಹೊಸ ಸೀರೆ, ಬಳೆ. ನಮ್ಮಲ್ಲಿ ಸತ್ತವರಿಗೆ ಇಷ್ಟವಾಗಿದ್ದ ವಸ್ತುವನ್ನೂ ಎಡೆಯ ಜೊತೆ ಇಡುತ್ತಾರೆ. ನಮ್ಮ ತಾತನಿಗೆ ನಶ್ಯದ ಡಬ್ಬಿ ಇಟ್ಟಿದ್ದರು, ನಮ್ಮ ತಾಯಿಗೆ ಎಲೆ ಅಡಿಕೆ ಚೀಲ. ಎಲ್ಲ ಜೋಡಿಸಿದ ಮೇಲೆ, ಕುಣಿಗಲ್‌ನಿಂದ ಬಂದಿದ್ದ ನನ್ನ ಅತ್ತೆ, ಅವಳ ತಾಯಿ, ತಮ್ಮ ಬಟ್ಟೆ ಚೀಲದಿಂದ ಒಂದು ಕಾಮಿಕ್ಸ್ ಪುಸ್ತಕ ತೆಗೆದರು. ಸೆರಗಿನಿಂದ ಒರೆಸಿ ಹೋಳಿಗೆಯ ಪಕ್ಕ ಇಟ್ಟರು.

"ಅವ್ಳಿಗೆ ಬೊಂಬೆ ಪುಸ್ತಕ ಅಂದ್ರೆ ಪ್ರಾಣ" ಎಂದರು.

ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಯಾರೋ ಬಿಕ್ಕಿದರು. ನಾನು ಕರ್ಪೂರ ಹಚ್ಚಿದೆ.

ಬೊಂಬೆ ಪುಸ್ತಕ ಎಂದರೆ ಪ್ರಾಣವಾಗಿದ್ದುದು ನನಗೆ, ಅವಳಿಗಲ್ಲ. ಹದಿನಾರು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ನಿಂತು ನಾನು ಹೇಳಿದ ಒಂದು ಸುಳ್ಳು, ಅವತ್ತು ಅವಳ ಎಡೆಯ ಮೇಲೆ ಬಂದು ಕೂತಿತ್ತು. ಅದನ್ನು ಎತ್ತಿಡಿ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಹೇಳಬೇಕಾದರೆ ಗುಬ್ಬಿ ಬಸ್ ನಿಲ್ದಾಣದ ಪಕ್ಕದ ಒಂದು ಪೆಟ್ಟಿಗೆ ಅಂಗಡಿಯಿಂದ ಶುರು ಮಾಡಬೇಕು. ನಮ್ಮೂರು ಕಡಬದ ಹತ್ತಿರ. ಹೈಸ್ಕೂಲಿಗೆ ಗುಬ್ಬಿಗೆ ಬರುತ್ತಿದ್ದೆ. ಆ ಅಂಗಡಿಯವನು ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಕಾಮಿಕ್ಸ್ ಪುಸ್ತಕಗಳನ್ನು ನೇತು ಹಾಕಿದ್ದ. ಬಾಡಿಗೆಗೆ ಕೊಡುತ್ತಿದ್ದ, ಆದರೆ ಮನೆಗೆ ಒಯ್ಯುವ ಹಾಗಿಲ್ಲ. ಅಲ್ಲೇ ಹಲಗೆಯ ಮೇಲೆ ಕೂತು ಓದಿ ವಾಪಸ್ ಕೊಡಬೇಕು. ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ನನಗೆ ಯಾವಾಗಲೂ ಎರಡು ಮೂರು ಪುಟ ಉಳಿದಿರುತ್ತಿತ್ತು. ಮರುದಿನ ಹೋದರೆ ಆ ಪುಸ್ತಕ ಇನ್ನೊಬ್ಬನ ಕೈಯಲ್ಲಿ. ಹಾಗಾಗಿ ಎಷ್ಟೋ ಕಥೆಗಳಿಗೆ ನನಗೆ ಕೊನೆಯೇ ಇರಲಿಲ್ಲ. ಒಬ್ಬ ಪತ್ತೇದಾರ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತ ನಾಲ್ಕು ವರ್ಷ ನನ್ನ ತಲೆಯಲ್ಲಿ ಹಾಗೇ ನೇತಾಡಿದ.

ಪಿಯುಸಿ ಫೇಲಾಗಿ ತುಮಕೂರಿನ ಒಂದು ಪ್ರೆಸ್ಸಿಗೆ ಸೇರಿದೆ. ಮದುವೆ ಪತ್ರಿಕೆ, ಕರಪತ್ರ, ಬಿಲ್ ಬುಕ್ಕು. ಈಗಲೂ ಅದೇ ಕೆಲಸ. ಮೊದಲ ಸಂಬಳದ ಭಾನುವಾರ ರದ್ದಿ ಅಂಗಡಿಯೊಂದರ ಮೂಲೆಯಲ್ಲಿ ಆ ಬಾವಿಯ ಪತ್ತೇದಾರ ಸಿಕ್ಕಿದ. ಹಳೇ ಗೈಡುಗಳ ಕೆಳಗೆ, ಮುಖಪುಟ ಇಲ್ಲದೆ. ಅಂಗಡಿಯ ಮೆಟ್ಟಿಲ ಮೇಲೇ ಕೂತು ಕೊನೆಯ ಮೂರು ಪುಟ ಓದಿದೆ. ಅವನು ಮೇಲೆ ಬಂದ. ಅಷ್ಟೇ. ಆದರೆ ಆ ಸಂತೋಷ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಅಲ್ಲಿಂದ ಭಾನುವಾರವೆಂದರೆ ರದ್ದಿ ಅಂಗಡಿ ಎಂದಾಯಿತು.

ಪ್ರೆಸ್ಸಿನಲ್ಲಿದ್ದವನಿಗೆ ಕಾಮಿಕ್ಸ್ ಇನ್ನೊಂದು ರೀತಿಯಲ್ಲೂ ಹತ್ತಿರವಾಗುತ್ತದೆ. ಒಂದೇ ಹಾಳೆಯ ಮೇಲೆ ನಾಲ್ಕು ಬಣ್ಣ ಒಂದರ ಮೇಲೊಂದು ಕೂರಬೇಕು. ಒಂದು ಕೂದಲೆಳೆ ಜರುಗಿದರೂ ರಾಣಿಯ ತುಟಿಯ ಕೆಂಪು ಕೆನ್ನೆಗೆ ಬಂದಿರುತ್ತದೆ. ಹಳೇ ಕಾಮಿಕ್ಸ್‌ಗಳಲ್ಲಿ ಇಂಥವು ಬೇಕಾದಷ್ಟು. ನನಗೆ ಆ ತಪ್ಪುಗಳೂ ಇಷ್ಟ. ಯಾವುದೋ ಊರಿನಲ್ಲಿ ನನ್ನಂಥವನೊಬ್ಬ ಮೆಷಿನ್ ಮುಂದೆ ನಿಂತು, ಇದು ಸರಿ ಬರಲಿಲ್ಲ, ಹೋಗಲಿ ಬಿಡು ಅಂದುಕೊಂಡಿದ್ದು ಕಾಣುತ್ತದೆ. ಆಮೇಲಾಮೇಲೆ ಪ್ರೆಸ್ಸಿಗೆ ಕಾಗದ ತರಲು ಬೆಂಗಳೂರಿಗೆ ಹೋದಾಗ ದಪ್ಪ ಗ್ರಾಫಿಕ್ ನಾವೆಲ್‌ಗಳನ್ನೂ ತಂದೆ. ನನ್ನ ಇಂಗ್ಲಿಷ್ ಕುಂಟುತ್ತದೆ, ಚಿತ್ರ ಕೈ ಹಿಡಿದು ನಡೆಸುತ್ತದೆ. ಒಂದರಲ್ಲಂತೂ ಮಾತೇ ಇಲ್ಲ. ಒಬ್ಬ ಮುದುಕ ಮನೆಗೆ ಬೀಗ ಹಾಕಿಕೊಂಡು ಹೊರಟು, ಊರೆಲ್ಲ ಸುತ್ತಿ, ಬೀಗದ ಕೈ ಕಳೆದುಕೊಂಡು ಬರುತ್ತಾನೆ. ಅದನ್ನು ಎಷ್ಟು ಸಲ ನೋಡಿದ್ದೇನೋ.

ಇಷ್ಟು ಪ್ರೀತಿಸಿದ್ದನ್ನು ನಾನು ಬಚ್ಚಿಟ್ಟೆ. ನಮ್ಮಪ್ಪ ರೈತರು, ಆದರೆ ಊರಿನಲ್ಲಿ ಶ್ರಾವಣದಲ್ಲಿ ಪುರಾಣ ಓದುವವರು ಅವರೇ. ಮಠಕ್ಕೆ ಹೋದರೆ ಅವರನ್ನು ಕರೆದು ಕೂರಿಸುತ್ತಾರೆ. ಚಿಕ್ಕಂದಿನಲ್ಲಿ ನನ್ನ ಚೀಲದಲ್ಲಿ ಒಂದು ಕಾಮಿಕ್ಸ್ ಕಂಡು "ಅಕ್ಷರ ಬಂದಿದ್ರೂ ಬೊಂಬೆ ನೋಡ್ತೀಯಲ್ಲ, ಮಾನ ಇಲ್ವೇನ್ಲಾ" ಎಂದಿದ್ದರು. ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಮಾತು ಮರೆಯಲಿಲ್ಲ. ತುಮಕೂರಿನಲ್ಲಿ ಸ್ವಂತ ರೂಮು ಮಾಡಿದ ಮೇಲೂ ಅಪ್ಪ ಯಾವಾಗ ಬರುತ್ತಾರೋ ಎನ್ನುವ ಭಯವಿತ್ತು. ಅದಕ್ಕೊಂದು ಉಪಾಯ ಮಾಡಿದೆ. ಪ್ರೆಸ್ಸಿನಲ್ಲಿ ಉಳಿದ ರಟ್ಟು, ಕಂದು ಬಣ್ಣದ ರೆಕ್ಸಿನ್ ಇರುತ್ತಿತ್ತು. ಹತ್ತು ಹತ್ತು ಕಾಮಿಕ್ಸ್ ಸೇರಿಸಿ ಹೊಲಿದು, ಮೈದಾ ಅಂಟು ಹಚ್ಚಿ, ಗಟ್ಟಿ ಬೈಂಡ್ ಮಾಡಿದೆ. ಬೆನ್ನಿಗೆ ಬಂಗಾರದ ಅಕ್ಷರದಲ್ಲಿ 'ಪುರಾಣ ಕಥೆಗಳು, ಭಾಗ ಒಂದು' ಎಂದು ಒತ್ತಿದೆ. ಮುಂದೆ ಭಾಗ ಎರಡು, ಮೂರು. ಹತ್ತೊಂಬತ್ತರವರೆಗೆ ಹೋಯಿತು. ಗೋಡೆಯ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದರೆ ಯಾವುದೋ ಶಾಸ್ತ್ರಿಗಳ ಮನೆಯ ಹಾಗೆ ಕಾಣುತ್ತಿತ್ತು.

ಮದುವೆಯಾಗಿ ಮೂರು ನಾಲ್ಕು ತಿಂಗಳಾಗಿತ್ತು. ಬೀರು ಒರೆಸುತ್ತಿದ್ದ ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಪುಸ್ತಕ.

"ರೀ, ಭಾಗ ಐದ್ರಲ್ಲಿ ಒಂದ್ ದೇವ್ರೂ ಕಾಣಿಸ್ತಿಲ್ಲವಲ್ರೀ."

ಅವಳು ನಗುತ್ತಿದ್ದಳು. ಅವತ್ತು ನಾನೂ ನಕ್ಕು, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಬಹುದಿತ್ತು. ನನಗೆ ಮುಖ ಬಿಸಿಯಾಯಿತು. ಅವಳ ಕೈಯಿಂದ ಕಿತ್ತುಕೊಂಡು "ಇದನ್ನೆಲ್ಲ ಮುಟ್ಟಬೇಡ, ನಿಂಗರ್ಥ ಆಗಲ್ಲ" ಎಂದೆ. ಅವಳು ಪಿಯುಸಿ ಪಾಸಾದವಳು. ನಾನು ಫೇಲಾದವನು. ಅವಳು ಅದನ್ನು ಆಡಿ ತೋರಿಸಲಿಲ್ಲ. ಬಟ್ಟೆ ಹಿಡಿದು ಬೀರುವಿನ ಕಡೆ ವಾಪಸ್ ಹೋದಳು. ಆಮೇಲೆ ಯಾವತ್ತೂ ನನ್ನೆದುರು ಅವನ್ನು ತೆರೆಯಲಿಲ್ಲ. ಧೂಳು ಮಾತ್ರ ಒರೆಸುತ್ತಿದ್ದಳು.

ನಮಗೆ ಮಕ್ಕಳಾಗಲಿಲ್ಲ. ಆ ವಿಷಯ ಇಲ್ಲಿ ಹೇಳದಿದ್ದರೆ ನಾನು ಮಾಡಿದ್ದು ಪೂರ್ತಿ ಗೊತ್ತಾಗುವುದಿಲ್ಲ.

ಮದುವೆಯಾದ ಆರನೇ ವರ್ಷ, ಶ್ರಾವಣದ ಒಂದು ಸೋಮವಾರ ಅಪ್ಪ, ಸೋದರತ್ತೆ, ಊರಿನ ನಾಲ್ಕೈದು ಜನ ಕ್ಯಾತ್ಸಂದ್ರಕ್ಕೆ ಬಂದು ಮಠಕ್ಕೆ ಹೋಗಿ, ಊಟಕ್ಕೆ ನಮ್ಮ ಮನೆಗೆ ಬಂದರು. ಅವಳು ಬೆಳಗ್ಗೆಯಿಂದ ಒಲೆ ಮುಂದೆ ಇದ್ದಳು. ಊಟಕ್ಕೆ ಇನ್ನೂ ಹೊತ್ತಿತ್ತು. ಬಂದಾಗಲೆಲ್ಲ ನಿಂತ ಕಾಲಲ್ಲೇ ಹೊರಡುತ್ತಿದ್ದ ಅಪ್ಪ ಅವತ್ತು ಚಾಪೆಯ ಮೇಲೆ ಕೂತು ಬೀರು ನೋಡಿದರು.

"ನಮ್ಮುಡ್ಗ ಇಷ್ಟೆಲ್ಲ ಇಟ್ಟವ್ನೆ, ಒಂದಿನಾನೂ ಹೇಳ್ಲಿಲ್ಲ" ಎಂದರು. ಹೆಮ್ಮೆಯಿಂದ ಅಂದದ್ದು. "ಶ್ರಾವಣ್ ಸೋಮ್ವಾರ, ಒಂದಧ್ಯಾಯ ಓದಾನ ಕೂತ್ಕಳಿ ಎಲ್ರೂ."

ನಾನು ಹಿತ್ತಲಲ್ಲಿ ಬಾಳೆ ಎಲೆ ತೊಳೆಯುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಅವರು ಭಾಗ ಮೂರನ್ನು ಹಣೆಗೆ ಮುಟ್ಟಿಸಿಕೊಂಡು, ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಮಧ್ಯಕ್ಕೆ ತೆರೆದಾಗಿತ್ತು. ಅವರ ಪದ್ಧತಿ ಅದು. ಕನ್ನಡಕ ಏರಿಸುತ್ತಲೇ, ಊರಲ್ಲಿ ಓದುವ ಅದೇ ರಾಗದ ದನಿಯಲ್ಲಿ ಮೊದಲ ಸಾಲು ಓದಿಬಿಟ್ಟರು.

"ಎಲೈ ಕಪ್ಪೆರಾಯಾ... ನಿನ್ನ ರಾಕೆಟ್ಟು ಸುಟ್ಟು ಬೂದಿಯಾಯಿತು..."

ಅಲ್ಲಿಗೆ ಓದು ನಿಂತಿತು. ಆ ಪುಟದಲ್ಲಿ ಬಿಗಿ ಉಡುಪಿನ ಹೆಂಗಸೊಬ್ಬಳು ಬಂದೂಕು ಹಿಡಿದು, ಹಸಿರು ಮೈಯ ಪ್ರಾಣಿಯ ಎದೆ ಮೇಲೆ ಕಾಲಿಟ್ಟು ನಿಂತಿದ್ದಳು. ಹಿಂದೆ ಕೆಂಪಕ್ಷರದಲ್ಲಿ 'ಢಮಾರ್' ಎಂದಿತ್ತು. ಸೋದರತ್ತೆ ಬಗ್ಗಿ ನೋಡಿದರು. ಯಾರೋ ಕಿಸಕ್ಕೆಂದರು. ಅಪ್ಪ ಒಂದೊಂದೇ ಪುಟ ತಿರುಗಿಸಿ ಕೊನೆಗೆ ಬೆನ್ನಿನ ಬಂಗಾರದ ಅಕ್ಷರ ನೋಡಿದರು.

"ಯಾರ್ದ್ಲಾ ಇದು?"

ನಾನು ಯೋಚನೆ ಮಾಡಲಿಲ್ಲ. ಉತ್ತರ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

"ಅವಳ್ದು ಅಪ್ಪ. ಓದ್ತಾಳೆ ಅಂತ ಬೈಂಡ್ ಮಾಡ್ಕೊಟ್ಟೆ. ಹಳೇ ರಟ್ಟಿತ್ತು, ಅದ್ನೇ ಹಾಕ್ದೆ."

ಅವಳು ಪಾಯಸದ ಪಾತ್ರೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಪಾತ್ರೆ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು ಹೇಳಿದಳು.

"ಹೌದು ಮಾವ, ನಂದೇ. ತಪ್ಪಾಯ್ತು."

ಅಪ್ಪ ಸೊಸೆಗೆ ಏನೂ ಅನ್ನಲಿಲ್ಲ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಕೈ ತೊಳೆದುಕೊಂಡರು. ಅಂದದ್ದು ಸೋದರತ್ತೆ. ಊಟಕ್ಕೆ ಕೂತಾಗ, ಬಡಿಸುತ್ತಿದ್ದವಳಿಗೆ ಕೇಳುವ ಹಾಗೆ ಪಕ್ಕದವರಿಗೆ ಹೇಳಿದರು. "ಮಕ್ಳಿಲ್ದ ಮನೆ, ಹೊತ್ತು ಹೋಗ್ಬೇಕಲ್ಲ. ಬೊಂಬೆನಾದ್ರೂ ನೋಡ್ಕಂಡಿರ್ಲಿ ಬುಡು." ಅವಳ ಸೌಟು ಒಂದು ಕ್ಷಣ ನಿಂತಿದ್ದನ್ನು ನಾನು ನೋಡಿದೆ. ನಾನು ಎಲೆಯ ಮೇಲಿನ ಅನ್ನ ಕಲಸಿದೆ.

ಮರುದಿನ ತಿಂಡಿಯ ಹೊತ್ತಿಗೆ "ನಿನ್ನೆ ನಾನು..." ಎಂದು ಶುರು ಮಾಡಿದೆ. "ಉಪ್ಪಿಟ್ಟು ಆರೋಗ್ತಿದೆ, ತಿನ್ನಿ" ಎಂದಳು. ನನಗೆ ಒಳಗೇ ಸಮಾಧಾನವಾಯಿತು. ಮಾತು ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಆ ಮಾತು ಊರಿಗೆ ಹೋಯಿತು, ಕುಣಿಗಲ್‌ಗೂ ಹೋಯಿತು. ಮದುವೆ, ನಾಮಕರಣಗಳಲ್ಲಿ ಅವಳಿಗೆ ಅದೇ ಗುರುತು. "ಬೊಂಬೆ ಪುಸ್ತಕದೋಳು ಬಂದ್ಲು ನೋಡು." ಯಾರದೋ ಮಕ್ಕಳು ಓದಿ ಹರಿದ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವಳ ಕೈಗೆ ಕೊಡುವುದು, ಸುತ್ತಲಿನವರು ಮುಸಿಮುಸಿ ನಗುವುದು. ಅವಳು ನಕ್ಕು ತೆಗೆದುಕೊಳ್ಳುತ್ತಿದ್ದಳು. ಕುಣಿಗಲ್‌ನ ಅತ್ತೆ ಮಾತ್ರ ತಮಾಷೆಗಲ್ಲ, ನಿಜವಾಗಿ ತರುತ್ತಿದ್ದರು. "ನನ್ ಮಗ್ಳಿಗೆ ಇದಿಷ್ಟ ಅಂತ ನಂಗೇ ಗೊತ್ತಿರ್ಲಿಲ್ಲ ನೋಡಿ ಅಳಿಯಂದ್ರೇ" ಎಂದು, ಪ್ರತಿ ಸಲ ಬರುವಾಗ ಕುಣಿಗಲ್ ಬಸ್ ನಿಲ್ದಾಣದಲ್ಲಿ ಒಂದು ಕಾಮಿಕ್ಸ್ ಕೊಂಡು ತರುತ್ತಿದ್ದರು. ಮಗಳು ತಾಯಿಯ ಎದುರಿಗೇ ಕೂತು ನಾಲ್ಕು ಪುಟ ತಿರುಗಿಸಿ "ಚೆನ್ನಾಗಿದೆ ಕಣಮ್ಮ" ಎನ್ನುತ್ತಿದ್ದಳು. ತಾಯಿಯ ಮುಂದೆಯೂ ನನ್ನನ್ನು ಬಿಟ್ಟುಕೊಡಲಿಲ್ಲ. ಅವರು ಹೋದ ಮೇಲೆ ಅದನ್ನು ನನ್ನ ಮುಂದೆ ಇಡುತ್ತಿದ್ದಳು. ನಾನು ಓದುತ್ತಿದ್ದೆ. ಒಂದು ಸಲ ಅತ್ತೆ ತಂದ ಪುಸ್ತಕ, ನಾನು ಎರಡು ವರ್ಷದಿಂದ ಹುಡುಕುತ್ತಿದ್ದ ಸಂಚಿಕೆಯಾಗಿತ್ತು. ನನಗೆ ಆದ ಖುಷಿ ನೆನೆದರೆ ಈಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆ ದಿನದಿಂದ ಅವಳು ನನ್ನ ಕಾಮಿಕ್ಸ್‌ಗಳನ್ನೆಲ್ಲ 'ನನ್ನ ಪುಸ್ತಕ' ಎನ್ನತೊಡಗಿದಳು. ಕೊರಿಯರ್ ಬಂದರೆ ಪ್ರೆಸ್ಸಿಗೆ ಫೋನ್ ಮಾಡುತ್ತಿದ್ದಳು. "ರೀ, ನನ್ ಪುಸ್ತಕ ಬಂದಿದೆ. ಬೇಗ ಬನ್ನಿ, ನನ್ ಬದ್ಲು ಓದೋರ್ ಯಾರೂ ಇಲ್ಲ." ಊಟಕ್ಕೆ ಏಳದಿದ್ದರೆ, "ನನ್ ಪುಸ್ತಕ ಓದಾಯ್ತಾ?" ಎನ್ನುತ್ತಿದ್ದಳು. ಹದಿನಾರು ವರ್ಷ ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕೆ. ಅವಳು ಪ್ರತಿ ಸಲವೂ ಒಂದು ಬಾಗಿಲು ತೆರೆದು ನಿಲ್ಲುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಇಲ್ಲ, ಅದು ನಂದು ಎಂದು ಒಮ್ಮೆ ಹೇಳಿ ಒಳಗೆ ಹೋಗಬಹುದಿತ್ತು.

ಕಳೆದ ಸಂಕ್ರಾಂತಿ ಆದ ಮೇಲೆ ಅವಳಿಗೆ ಜ್ವರ ಬಂತು. ಜ್ವರ ಎಂದುಕೊಂಡಿದ್ದು ಬೇರೆ ಏನೋ ಆಗಿ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಅತ್ತೆ ನೋಡಲು ಬಂದಾಗ ಎಳನೀರಿನ ಜೊತೆ ಒಂದು ಕಾಮಿಕ್ಸ್ ತಂದಿದ್ದರು. ಅವಳು ಡ್ರಿಪ್ ಹಾಕಿದ್ದ ಕೈಯಲ್ಲೇ ಅದನ್ನು ಎದೆಯ ಮೇಲೆ ನಿಲ್ಲಿಸಿಕೊಂಡು ಪುಟ ತಿರುಗಿಸಿದಳು. ಇಂಜೆಕ್ಷನ್ ಕೊಡಲು ಬಂದ ನರ್ಸ್ ನಕ್ಕಳು.

"ಏನ್ ಆಂಟಿ, ಕಾಮಿಕ್ಸ್ ಓದ್ತೀರಾ?"

"ಹೂಂ ಕಣಮ್ಮ. ಚಿಕ್ಕಂದಿನಿಂದ ಹುಚ್ಚು."

ಅವಳು ನನ್ನ ಕಡೆ ನೋಡಲಿಲ್ಲ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅತ್ತೆ ಮಗಳ ತಲೆ ಸವರುತ್ತಿದ್ದರು. ಆಗಲೂ ನಾನು ನಿಜ ಹೇಳಲಿಲ್ಲ. ಇದನ್ನು ಬರೆಯಲು ಕೈ ಬರುತ್ತಿಲ್ಲ. ಅವಳಿಗೆ ನಿದ್ದೆ ಹತ್ತಿದ ಮೇಲೆ ಎದೆಯ ಮೇಲಿದ್ದ ಪುಸ್ತಕ ತೆಗೆದುಕೊಂಡು ನಾನು ಓದಿ ಮುಗಿಸಿದೆ.

ಅದಾದ ಐದು ದಿನಕ್ಕೆ ಹೋದಳು.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ಅವಳಿಗೂ ಎಡೆ ಇಟ್ಟೆವು. ಮೊದಲನೆಯ ವರ್ಷವೆಂದು ಅಪ್ಪ, ಸೋದರತ್ತೆ ಬಂದಿದ್ದರು. ಅಪ್ಪನಿಗೆ ಎಂಬತ್ತು ದಾಟಿದೆ, ಗೋಡೆ ಹಿಡಿದು ನಡೆಯುತ್ತಾರೆ. ಅತ್ತೆ ಅದೇ ಬಟ್ಟೆ ಚೀಲ ತೆರೆದು ಹೊಸ ಕಾಮಿಕ್ಸ್ ತೆಗೆದರು. ಇವತ್ತು ಸುಮ್ಮನಿದ್ದರೆ ವರ್ಷವರ್ಷ ಇದೇ ನಡೆಯುತ್ತದೆ. ಅವಳಿಗೆ ಅಂಟಿದ್ದು ಅವಳ ಎಡೆಯಲ್ಲೂ ಖಾಯಂ ಆಗುತ್ತದೆ.

"ಅತ್ತೆ, ಅದನ್ನ ಇಡ್ಬೇಡಿ."

"ಯಾಕೆ ಅಳಿಯಂದ್ರೇ? ಹೊಸದು, ಈಗ ತಗೊಂಡಿದ್ದು."

"ಅವಳು ಇದನ್ನೆಲ್ಲ ಓದ್ತಿರ್ಲಿಲ್ಲ. ಆ ಪುಸ್ತಕ ಎಲ್ಲಾ ನಂದು. ಅವತ್ತು ಅಪ್ಪನ ಭಯಕ್ಕೆ ಅವಳ ಮೇಲೆ ಹಾಕ್ದೆ."

ಧೂಪದ ಹೊಗೆ ಹಾಲ್ ತುಂಬಿತ್ತು. ಸೋದರತ್ತೆ ಕಣ್ಣೊರೆಸಿಕೊಂಡರು.

"ನೋಡ್ರವ್ವ, ಹೆಂಡ್ತಿಗೆ ಅಂದಿದ್ ಮಾತ್ನೆಲ್ಲ ಈಗ ತನ್ ತಲೆ ಮೇಲೆ ಹೊತ್ಕತಾವ್ನೆ. ಎಂಥಾ ಗಂಡ."

"ಬುಡ್ಲಾ" ಎಂದರು ಅಪ್ಪ. "ಓದ್ತಿದ್ಲು, ಏನಾಯ್ತೀಗ. ಒಳ್ಳೆ ಮಗ್ಳು ಅವ್ಳು. ಅವ್ಳೇನ್ ಕಳ್ತನ ಮಾಡಿದ್ಲಾ, ನೀನು ಮುಚ್ಚಾಕಕೆ."

ಹದಿನಾರು ವರ್ಷದ ಹಿಂದೆ ಸುಳ್ಳು ಹೇಳಿದಾಗ ಒಬ್ಬರೂ ಸಂಶಯಪಡಲಿಲ್ಲ. ನಿಜ ಹೇಳಿದರೆ ಒಳ್ಳೆಯ ಗಂಡ ಎಂದು ಹೊಗಳಿದರು. ಬೀರುವಿನಿಂದ ಭಾಗ ಮೂರನ್ನು ತೆಗೆದು ರಟ್ಟಿನ ಒಳಮೈ ತೆರೆದೆ. ಪ್ರತಿ ಪುಸ್ತಕ ಎಲ್ಲಿ, ಯಾವಾಗ ಸಿಕ್ಕಿತು ಎಂದು ಅಲ್ಲಿ ಪೆನ್ಸಿಲಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಎಲ್ಲ ನನ್ನ ಅಕ್ಷರ, ಎಲ್ಲ ಮದುವೆಗೆ ಐದಾರು ವರ್ಷ ಮೊದಲಿನವು. ಅಪ್ಪ ಕನ್ನಡಕ ಹುಡುಕಲಿಲ್ಲ, ಮುಖ ಆ ಕಡೆ ತಿರುಗಿಸಿದರು. ಅತ್ತೆ ಕೈ ಚಾಚಿ ತೆಗೆದುಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಭಾಗ ನಾಲ್ಕು ಕೇಳಿದರು. ಅದನ್ನೂ ಓದಿದರು.

"ಹಂಗಾರೆ ನಾನು ಇಷ್ಟ್ ವರ್ಷ ತಂದಿದ್ದು?"

"ನಾನ್ ಓದ್ತಿದ್ದೆ ಅತ್ತೆ."

"ಆಸ್ಪತ್ರೆಗ್ ತಂದಿದ್ದು?"

"ಅದನ್ನೂ."

ಅವರು ಅಳಲಿಲ್ಲ, ಬಯ್ಯಲಿಲ್ಲ. ಬಹಳ ಹೊತ್ತು ಮಗಳ ಫೋಟೋ ನೋಡಿದರು.

"ಸರಿ. ಹಂಗಾದ್ರೆ ಅವ್ಳಿಗೆ ಏನಿಷ್ಟ ಇತ್ತು ಹೇಳಿ, ಅದನ್ನ ಇಡಾನ. ನನ್ ಹತ್ರ ಇದ್ದಿದ್ದು ಹತ್ತೊಂಬತ್ತು ವರ್ಷ. ನಿಮ್ಮತ್ರ ಇಪ್ಪತ್ತೆರಡು."

ಬೀರುವಿನಲ್ಲಿರುವ ಯಾವ ಪುಸ್ತಕದ ಯಾವ ಪುಟದಲ್ಲಿ ಬಣ್ಣ ಜರುಗಿದೆ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಯಾವ ಸಂಚಿಕೆ ಇಲ್ಲ ಎನ್ನುವುದೂ ಬಾಯಿಪಾಠ. ಅವಳಿಗೆ ಏನಿಷ್ಟ? ನನಗೆ ಇಷ್ಟವಾದದ್ದನ್ನು ಅಡುಗೆ ಮಾಡುತ್ತಿದ್ದಳು. ಸೀರೆ ನಾನು ತಂದದ್ದನ್ನು ಉಡುತ್ತಿದ್ದಳು.

"ಗೊತ್ತಿಲ್ಲ ಅತ್ತೆ" ಎಂದೆ.

ಅತ್ತೆ ತಾವು ತಂದಿದ್ದ ಕಾಮಿಕ್ಸನ್ನು ನನ್ನ ಕೈಗಿಟ್ಟರು. "ತಗೊಳ್ಳಿ, ನಿಮ್ದು" ಎಂದರು. ಎಲೆಯ ಪಕ್ಕ ಅದಕ್ಕೆಂದು ಬಿಟ್ಟಿದ್ದ ಜಾಗಕ್ಕೆ ಸೋದರತ್ತೆ ಹಣ್ಣಿನ ತಟ್ಟೆ ಸರಿಸಲು ಹೋದಾಗ ಅತ್ತೆ ತಡೆದರು. "ಬೇಡಿ. ಖಾಲಿ ಇರ್ಲಿ." ಹಾಗೆಯೇ ಪೂಜೆಯಾಯಿತು.

ಸಂಜೆ ಅತ್ತೆಯನ್ನು ಬಸ್ಸು ಹತ್ತಿಸಲು ಹೋದೆ. ಕುಣಿಗಲ್ ಬಸ್ಸಿನ ಕಿಟಕಿ ಪಕ್ಕ ಕೂತು ಚೀಲ ಮಡಿಲಿಗಿಟ್ಟುಕೊಂಡ ಮೇಲೆ ಹೇಳಿದರು. "ಮುಂದಿನ್ ವರ್ಷದೊತ್ಗಾದ್ರೂ ನೆನಪು ಮಾಡ್ಕಳಿ."

ಅದಕ್ಕೇ ಇದನ್ನು ಬರೆಯಲು ಕೂತದ್ದು. ಬರೆದರೆ ಏನಾದರೂ ಸಿಗುತ್ತದೆ ಎಂದುಕೊಂಡೆ. ಬರೆದಷ್ಟೂ ನನ್ನ ಪುಸ್ತಕಗಳೇ ಬರುತ್ತಿವೆ. ಅತ್ತೆ ಕೊಟ್ಟ ಆ ಕಾಮಿಕ್ಸ್ ಮೇಜಿನ ಮೇಲಿದೆ. ಇನ್ನೂ ತೆರೆದಿಲ್ಲ.

ಒಂದೇ ಒಂದು ಸಿಕ್ಕಿದೆ, ಅದೂ ಖಚಿತವಿಲ್ಲ. ತವರಿಗೆ ಹೋಗುವಾಗಲೆಲ್ಲ ಅವಳು ಬಸ್ಸಿನಲ್ಲಿ ಕೆರೆ ಕಾಣುವ ಕಡೆಯ ಕಿಟಕಿಯೇ ಬೇಕೆನ್ನುತ್ತಿದ್ದಳು. ಕುಣಿಗಲ್ ಕೆರೆ ಬರುತ್ತಿದ್ದಂತೆ ಮಾತು ನಿಲ್ಲಿಸಿ, ಕಿಟಕಿಯ ಸರಳಿಗೆ ಹಣೆ ಒತ್ತಿ, ನೀರು ಹಿಂದಾಗುವವರೆಗೂ ನೋಡುತ್ತಿದ್ದಳು. ಒಮ್ಮೆ ನನ್ನ ತೋಳು ಮುಟ್ಟಿ "ರೀ, ಅಲ್ನೋಡಿ" ಎಂದಿದ್ದಳು. ನಾನು ದಿನಪತ್ರಿಕೆಯ ಮಡಿಕೆಯೊಳಗೆ ಕಾಮಿಕ್ಸ್ ಇಟ್ಟುಕೊಂಡು ಓದುತ್ತಿದ್ದೆ. ಇನ್ನೆರಡು ಪುಟ ಇತ್ತು. "ಹೂಂ" ಎಂದೆ, ತಲೆ ಎತ್ತಲಿಲ್ಲ. ಏನು ತೋರಿಸಿದಳೋ ನೋಡಲಿಲ್ಲ.